ಸೈಟ್ ತಗೊಳ್ಳೋ ಮುಂಚೆ ಅಪ್ಪ ಕೇಳಿದ ಒಂದೇ ಪ್ರಶ್ನೆ

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಯಶವಂತಪುರದಿಂದ ಉಚಿತ ಬಸ್. ಮಧ್ಯಾಹ್ನ ಹೋಳಿಗೆ ಊಟ. ಮಧ್ಯದಲ್ಲಿ ಸೈಟ್ ತೋರಿಸ್ತಾರೆ. ಆಫೀಸಿನ ಗೆಳತಿ ಕಳಿಸಿದ ಬ್ರೋಷರ್ ನೋಡಿ ನಾನೂ ಹತ್ತಿ ಕೂತೆ. ದಾಬಸ್‌ಪೇಟೆ ದಾಟಿ ಒಳಗೆ ಹೋದರೆ ಒಂದು ಹೌಸಿಂಗ್ ಸೊಸೈಟಿಯ ಹೊಸ ಬಡಾವಣೆ. ದೊಡ್ಡ ಕಮಾನು, ಕಾರಂಜಿ, ಬಿಳಿ ಬಣ್ಣ ಬಳಿದ ಗಡಿ ಕಲ್ಲುಗಳು. 30×40 ಸೈಟ್‌ಗೆ ಬರೀ 11 ಲಕ್ಷ!

ಎಂಟು ವರ್ಷದಿಂದ ಬೆಂಗಳೂರಲ್ಲಿ ಬಾಡಿಗೆ ಕಟ್ತಾ ಇರೋಳು ನಾನು. ಆ ರೇಟ್ ಕೇಳಿ ತಲೆ ತಿರುಗಿತು. "ಐವತ್ತು ಸಾವಿರ ಟೋಕನ್ ಕೊಡಿ ಮೇಡಂ, ಇವತ್ತೇ ನಂಬರ್ ಬ್ಲಾಕ್ ಮಾಡ್ತೀನಿ, ಮುಂದಿನ ವಾರ ರೇಟ್ ಜಾಸ್ತಿ" ಅಂದರು. ನನ್ನ ಹತ್ರ ಇದ್ದದ್ದು ಎರಡು ಲಕ್ಷ ಚಿಲ್ಲರೆ. ಉಳಿದದ್ದಕ್ಕೆ ನಾನು ಕಣ್ಣು ಹಾಕಿದ್ದು ಅಪ್ಪನ ನಿವೃತ್ತಿ ದುಡ್ಡಿನ ಮೇಲೆ. ಮೂವತ್ತಮೂರು ವರ್ಷ ತಿಪಟೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದು ಕೂಡಿಟ್ಟ ಹಣ ಅದು.

ಅಲ್ಲಿಂದಲೇ ಫೋನ್ ಮಾಡಿದೆ. ಅಪ್ಪ ಕಾರಂಜಿ ಬಗ್ಗೆ ಕೇಳಲಿಲ್ಲ, ರೇಟ್ ಬಗ್ಗೆಯೂ ಕೇಳಲಿಲ್ಲ.

"ಆ ಜಮೀನು ಅವರಿಗೆ ಹೆಂಗೆ ಬಂತಂತೆ?"

"ಸೊಸೈಟಿ ರೈತರ ಹತ್ರ ತಗೊಂಡಿದೆ ಅಪ್ಪಾ."

"ಆ ರೈತರಿಗೆ ಹೆಂಗೆ ಬಂತು ಅಂತ ಕೇಳ್ದೆ ಕಣಮ್ಮ. ಸರ್ವೆ ನಂಬರ್ ಬರ್ಕೊಂಡು ಬಾ. ದುಡ್ಡು ಕೊಡಬೇಡ."

ಆ ರಾತ್ರಿ ಭೂಮಿ ವೆಬ್‌ಸೈಟಲ್ಲಿ ಪಹಣಿ ತೆಗೆದೆ. ಮಾಲೀಕರ ಹೆಸರು ಸರಿಯಾಗೇ ಇತ್ತು. ಅಷ್ಟು ಸಾಕು ಅಂದ್ಕೊಂಡೆ. ಅಪ್ಪನಿಗೆ ಸಾಕಾಗಲಿಲ್ಲ. ಬಸ್ ಹತ್ತಿ ಬಂದು, ನನ್ನನ್ನೂ ಕರ್ಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಕೈಬರಹದ ಹಳೇ ಪಹಣಿ, ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿದರು. ನಕಲು ಕೈಗೆ ಬಂದಾಗ ಕನ್ನಡಕ ಮೇಲೆತ್ತಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ನೋಡು, ಇದು ದರಖಾಸ್ತು ಜಮೀನು."

ನನಗೆ ಆ ಪದವೇ ಗೊತ್ತಿರಲಿಲ್ಲ. ಸರ್ಕಾರ ಜಮೀನಿಲ್ಲದವರಿಗೆ ಮಂಜೂರು ಮಾಡಿದ ಭೂಮಿ ಅದು. ಇಲ್ಲಿ ಮಂಜೂರಾಗಿದ್ದು ಪರಿಶಿಷ್ಟ ಜಾತಿಯ ಒಂದು ಕುಟುಂಬಕ್ಕೆ. ಅಂಥ ಭೂಮಿಯನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗಿಲ್ಲ. ಪಿಟಿಸಿಎಲ್ ಅಂತ ಕರೆಯೋ 1978ರ ಕಾಯ್ದೆ ಹಾಗೆ ಹೇಳುತ್ತೆ. ಮಾರಿದ್ದರೆ ಆ ಮಾರಾಟವೇ ಅಸಿಂಧು, ಭೂಮಿಯನ್ನ ಮೂಲ ಕುಟುಂಬಕ್ಕೆ ವಾಪಸ್ ಕೊಡಿಸಬಹುದು. ಹೀಗೆ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ.

ಅನುಮತಿ ಪತ್ರದ ನಕಲು ಕೇಳಿದೆ. "ಅದೆಲ್ಲ ಸರಿ ಹೋಗತ್ತೆ ಮೇಡಂ" ಅಂದರು. ಎರಡು ವಾರ ಕಾದೆ. ಪತ್ರ ಬರಲಿಲ್ಲ, ಅವರ ಫೋನ್ ಬರೋದೂ ನಿಂತಿತು.

ನಾಳೆ ಆ ಕುಟುಂಬದ ಮಕ್ಕಳು ಬಂದು "ಇದು ನಮ್ಮ ಭೂಮಿ" ಅಂದರೆ ತಪ್ಪು ಅವರದಲ್ಲ. ಆದರೆ ಅಪ್ಪನ ದುಡ್ಡು ಹೋಗಿಬಿಡ್ತಿತ್ತು. 11 ಲಕ್ಷ ಯಾಕೆ ಅಷ್ಟು ಅಗ್ಗ ಅನ್ನೋದು ಆಗ ಅರ್ಥವಾಯ್ತು. ಇರಬೇಕಾದ ಒಂದು ಕಾಗದ ಇರಲಿಲ್ಲ, ಅದಕ್ಕೇ ಅಷ್ಟು ರಿಯಾಯಿತಿ.

ಎರಡನೇ ಸಲ ನಾವು ನೋಡಿದ್ದು

ಎಂಟು ತಿಂಗಳ ನಂತರ ತುಮಕೂರಲ್ಲಿ, ಇನ್ನೊಂದು ಸೊಸೈಟಿಯ ಹಳೇ ಬಡಾವಣೆಯಲ್ಲಿ, ಸದಸ್ಯರೊಬ್ಬರು ತಮ್ಮ ಸೈಟ್ ಮಾರ್ತಿದ್ದರು. ಈ ಸಲ ಪಟ್ಟಿ ಮಾಡ್ಕೊಂಡೇ ಹೋದೆವು.

ಮೊದಲು ಭೂಮಿಯ ಮೂಲ: ಹಳೇ ಪಹಣಿ, ಮ್ಯುಟೇಶನ್, ಕೃಷಿ ಭೂಮಿಯನ್ನ ವಸತಿಗೆ ಬದಲಾಯಿಸಿದ ಭೂ ಪರಿವರ್ತನೆ ಆದೇಶ. ಪಹಣಿಯ 11ನೇ ಕಾಲಂನಲ್ಲಿ ಸಾಲ, ಋಣ ಏನಾದರೂ ಇದೆಯಾ ಅಂತ ಅಪ್ಪ ನೋಡಿದರು. ಕಾವೇರಿ ಪೋರ್ಟಲ್‌ನಿಂದ ಇಸಿ ನಾನು ತೆಗೆದೆ.

ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ. ನಮ್ಮ ಸೈಟ್ ನಂಬರ್ ಅದರಲ್ಲಿ ಇರಬೇಕು, ಪಾರ್ಕ್‌ಗೋ ಸಿಎ ನಿವೇಶನಕ್ಕೋ ಬಿಟ್ಟ ಜಾಗ ಆಗಿರಬಾರದು. ಪ್ರಾಧಿಕಾರ ಸೈಟ್‌ಗಳನ್ನ ಹಂತ ಹಂತವಾಗಿ ಬಿಡುಗಡೆ ಮಾಡುತ್ತೆ, ನಮ್ಮದು ಬಿಡುಗಡೆ ಆಗಿದೆಯಾ ಅಂತಲೂ ಕೇಳಿದೆವು. ಹೊಸ ಬಡಾವಣೆ ಆಗಿದ್ದರೆ ರೇರಾ ನೋಂದಣಿ ನಂಬರ್ ಕೂಡ ಕೇಳಬೇಕು.

ಇನ್ನೊಂದು ವಿಷಯ. ಸೊಸೈಟಿ ಕೊಡೋ ಹಂಚಿಕೆ ಪತ್ರದಿಂದ ಸೈಟ್ ನಿಮ್ಮದಾಗಲ್ಲ. ನೋಂದಣಿಯಾದ ಕ್ರಯಪತ್ರವೇ ಬೇಕು. ಮಾರುವವರ ಹೆಸರಲ್ಲಿ ಕ್ರಯಪತ್ರವೂ ಇ-ಖಾತೆಯೂ ಇದೆ ಅಂತ ಖಾತ್ರಿ ಮಾಡ್ಕೊಂಡ ಮೇಲೇ ಅಡ್ವಾನ್ಸ್ ಕೊಟ್ಟದ್ದು. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ಫಾರ್ಮ್ 9, 11 ನೋಡಿ. ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತಿರೋದು ಯಾವ ಸರ್ವೆ ನಂಬರಲ್ಲಿ ಅಂತ ಗೊತ್ತಾಗುತ್ತೆ. ಕೊನೆಗೆ ಎಲ್ಲವನ್ನೂ ಒಬ್ಬ ವಕೀಲರಿಗೆ ತೋರಿಸಿದೆವು. ಬ್ರೋಷರ್ ಕೊಟ್ಟವರೇ ಹೇಳೋ ವಕೀಲರು ಬೇಡ, ನಿಮ್ಮವರೇ ಇರಲಿ.

ಲೆಕ್ಕ

ಸಿಕ್ಕಿದ್ದು 20×30. ಚದರಡಿಗೆ 2,200ರಂತೆ 13.2 ಲಕ್ಷ. ಅಂದರೆ ಮೊದಲು ನೋಡಿದ್ದರ ಅರ್ಧ ಜಾಗ, ದುಡ್ಡು ಅದಕ್ಕಿಂತ ಜಾಸ್ತಿ. ಮುದ್ರಾಂಕ ಶುಲ್ಕ, ಸೆಸ್, 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿರೋ ನೋಂದಣಿ ಶುಲ್ಕ, ಎಲ್ಲಾ ಸೇರಿ ಇನ್ನೊಂದು ಲಕ್ಷ. ಸಾಲ ಮಾಡಿ ಸೈಟ್ ತಗೊಳ್ಳೋರು ಇದನ್ನೂ ನೆನಪಿಡಿ: ಮನೆ ಕಟ್ಟೋ ತನಕ ಆ ಬಡ್ಡಿಗೆ ಮನೆ ಸಾಲದ ತೆರಿಗೆ ವಿನಾಯಿತಿ ಸಿಗಲ್ಲ.

ನನಗೆ ಸ್ವಲ್ಪ ಬೇಜಾರಿತ್ತು, ಸುಳ್ಳು ಹೇಳಲ್ಲ. ರಿಜಿಸ್ಟ್ರೇಷನ್ ಆದ ದಿನ ಸೈಟ್ ಹತ್ರ ಹೋದಾಗ ಅಪ್ಪ ಊರಿಂದ ಒಂದು ತೆಂಗಿನ ಸಸಿ ತಂದಿದ್ದರು. ಅಷ್ಟುದ್ದ ಅಷ್ಟಗಲ ಹೆಜ್ಜೆ ಹಾಕಿ ಅಳೆದು, "ತೆಂಗು ಇಟ್ರೆ ಮನೆ ಎಲ್ಲಿ ಕಟ್ತೀಯ?" ಅಂತ ತಾವೇ ನಕ್ಕರು. ಸಸಿಯನ್ನ ಪಕ್ಕದ ಪಾರ್ಕಿನ ಮಾಲಿಗೆ ಕೊಟ್ಟು, ಮೂಲೆಯಲ್ಲಿ ಒಂದು ಕರಿಬೇವಿನ ಗಿಡ ನೆಟ್ಟರು.

ನಿಮ್ಮ ಕೈಯಲ್ಲೂ ಈಗ ಒಂದು ಬ್ರೋಷರ್ ಇದ್ದರೆ, ಟೋಕನ್ ಕೊಡೋ ಮುಂಚೆ ಊರಿಗೆ ಒಂದು ಫೋನ್ ಮಾಡಿ. ಪಹಣಿ ಓದೋಕೆ ಬರೋರು ಅಲ್ಲಿ ಯಾರಾದ್ರೂ ಇದ್ದೇ ಇರ್ತಾರೆ.