ಸಂಗೀತಗಾರರ ಡಿಸ್ಟೋನಿಯಾ

ಸಂಗೀತಗಾರರ ಡಿಸ್ಟೋನಿಯಾ ಎಂಬುದು ವಾದ್ಯ ನುಡಿಸುವಾಗ ಬೆರಳು ಅಥವಾ ತುಟಿಯ ಸ್ನಾಯುಗಳು ಅಂಕೆ ತಪ್ಪುವ ನರಸಂಬಂಧಿ ತೊಂದರೆ. ಸಾಮಾನ್ಯವಾಗಿ ಇದರಲ್ಲಿ ನೋವಿರುವುದಿಲ್ಲ. ಬೆರಳು ತಾನಾಗಿ ಅಂಗೈಯತ್ತ ಮಡಚಿಕೊಳ್ಳುತ್ತದೆ. ಅದೇ ಕೈ ಇತರ ಕೆಲಸಗಳನ್ನು ಬಹುಮಟ್ಟಿಗೆ ಸರಾಗವಾಗಿ ಮಾಡುವುದರಿಂದ, ಸಾಧನೆ ಸಾಲದೆಂದು ಭ್ರಮಿಸಿ ವಾದಕರು ಅಭ್ಯಾಸವನ್ನು ಹೆಚ್ಚಿಸುವುದುಂಟು. ಅತಿಯಾದ ಅಭ್ಯಾಸವೂ ಇದರ ಕಾರಣಗಳಲ್ಲಿ ಒಂದಾಗಿರುವುದರಿಂದ ಇಂತಹ ಹಠ ಅಪಾಯಕಾರಿ.

ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ (1928–2020) ಅವರದು ಪ್ರಸಿದ್ಧ ನಿದರ್ಶನ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಗೆದ್ದಿದ್ದ ಅವರ ಬಲಗೈಯ ಕೊನೆಯ ಎರಡು ಬೆರಳುಗಳು 1960ರ ದಶಕದ ನಡುಭಾಗದಲ್ಲಿ ಮಡಚಿಕೊಳ್ಳತೊಡಗಿದವು. ಆದರೂ ಸಂಗೀತವನ್ನು ತೊರೆಯದೆ ಅವರು ಬೋಧನೆಯಲ್ಲಿಯೂ ವಾದ್ಯವೃಂದದ ನಿರ್ದೇಶನದಲ್ಲಿಯೂ ತೊಡಗಿದರು. ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸಿದರು. ಅವುಗಳಲ್ಲಿ ಮುಖ್ಯವಾದುದು, ಮೊದಲನೆಯ ಮಹಾಯುದ್ಧದಲ್ಲಿ ಬಲತೋಳನ್ನು ಕಳೆದುಕೊಂಡ ಪಾಲ್ ವಿಟ್‌ಗೆನ್‌ಸ್ಟೈನ್ ಅವರಿಗಾಗಿ ಮಾರಿಸ್ ರಾವೆಲ್ ರಚಿಸಿದ ಕನ್ಚೆರ್ಟೊ.

1990ರ ದಶಕದಲ್ಲಿ ಬೊಟುಲಿನಮ್ ಚುಚ್ಚುಮದ್ದು ಹಾಗೂ ಅಂಗಮರ್ದನ ಚಿಕಿತ್ಸೆಯ ನೆರವಿನಿಂದ ಫ್ಲೈಷರ್ ಮತ್ತೆ ಎರಡೂ ಕೈಗಳಿಂದ ನುಡಿಸುವಂತಾದರು. 2004ರಲ್ಲಿ ಅವರ ‘ಟೂ ಹ್ಯಾಂಡ್ಸ್’ ಧ್ವನಿಮುದ್ರಿಕೆ ಹೊರಬಂದಿತು. ಇದನ್ನು ಸಂಪೂರ್ಣ ಗುಣವೆನ್ನಲಾಗದು. ಈ ಚುಚ್ಚುಮದ್ದಿನ ಪರಿಣಾಮ ಕೆಲವು ತಿಂಗಳುಗಳು ಮಾತ್ರ ಇರುವುದರಿಂದ ಅದನ್ನು ಮರಳಿ ಮರಳಿ ಪಡೆಯಬೇಕಾಗುತ್ತದೆ. ಪ್ರಮಾಣ ಹೆಚ್ಚಾದರೆ ಬೆರಳೇ ಬಲಗುಂದುತ್ತದೆ.