ಮ್ಯಾಂಚೆಸ್ಟರಿನ ಕಾಲುವೆಗಳು: ಉಳಿದವು, ಅಳಿದವು

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುವ ರೂಢಿ ದೀರ್ಘಕಾಲ ಇತ್ತು. ಆ ಹೋಲಿಕೆ ಹೊಗೆಗೊಳವೆಗಳನ್ನೂ ಮಗ್ಗಗಳನ್ನೂ ನೆನಪಿಗೆ ತರುತ್ತದೆ. ಆದರೆ ಇಂಗ್ಲೆಂಡಿನ ಮೂಲ ಮ್ಯಾಂಚೆಸ್ಟರನ್ನು ಕೈಗಾರಿಕಾ ನಗರವನ್ನಾಗಿ ರೂಪಿಸಿದ ಇನ್ನೊಂದು ಸಾಧನದ ಕಡೆಗೆ ಗಮನ ಹರಿದದ್ದು ಕಡಿಮೆ. ಅದು ಆಳುದ್ದಕ್ಕಿಂತ ಹೆಚ್ಚು ಆಳವಿಲ್ಲದ, ಹರಿವೇ ಕಾಣದ ಕಾಲುವೆಯ ನೀರು.

ಕಾಲುವೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಗದ್ದೆಗೆ ನೀರುಣಿಸುವ ನಾಲೆ. ಮ್ಯಾಂಚೆಸ್ಟರಿನ ಕಾಲುವೆಗಳು ಬೇಸಾಯಕ್ಕಾಗಿ ತೋಡಿದವುಗಳಲ್ಲ, ಸರಕು ಸಾಗಣೆಗಾಗಿಯೇ ನಿರ್ಮಿಸಿದ ಜಲಮಾರ್ಗಗಳು. ಕೆಟ್ಟ ರಸ್ತೆಯಲ್ಲಿ ಒಂದು ಟನ್ನಿನ ಗಾಡಿ ಎಳೆಯಲು ಏದುಸಿರು ಬಿಡುವ ಕುದುರೆ, ಕಾಲುವೆಯ ದಂಡೆಯ ಮೇಲೆ ನಡೆಯುತ್ತ ಇಪ್ಪತ್ತೈದು ಟನ್ನಿನ ದೋಣಿಯನ್ನು ಎಳೆಯಬಲ್ಲದು. ನೆಲ ಏರಿಳಿಯುವಲ್ಲಿ ‘ಲಾಕ್’ ಎಂಬ, ಎರಡು ಕಡೆ ಬಾಗಿಲುಳ್ಳ ಕಲ್ಲುತೊಟ್ಟಿಯನ್ನು ಕಟ್ಟಿರುತ್ತಾರೆ. ತೊಟ್ಟಿಗೆ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ಬಸಿದರೆ ಕೆಳಗಿಳಿಯುತ್ತದೆ. ಹೀಗೆ ಬಸಿದಾಗಲೆಲ್ಲ ಒಂದು ತೊಟ್ಟಿಯಷ್ಟು ನೀರು ಕೆಳಕ್ಕೆ ಹೋಗುತ್ತದೆಯಾದ್ದರಿಂದ, ಬೆಟ್ಟ ಹತ್ತುವ ಕಾಲುವೆಗೆ ಮೇಲ್ಭಾಗದ ಜಲಾಶಯವೇ ನಿಜವಾದ ಬಂಡವಾಳ. ಈ ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಏಳುಬೀಳುಗಳು ಸುಲಭವಾಗಿ ಅರ್ಥವಾಗುತ್ತವೆ.

ಡ್ಯೂಕನ ಕಾಲುವೆ

ಬ್ರಿಡ್ಜ್‌ವಾಟರಿನ ಮೂರನೆಯ ಡ್ಯೂಕ್ ಫ್ರಾನ್ಸಿಸ್ ಎಗರ್ಟನ್ ಎಂಬ ಜಮೀನುದಾರನಿಗೆ ಮ್ಯಾಂಚೆಸ್ಟರಿನ ಪಶ್ಚಿಮಕ್ಕಿರುವ ವರ್ಸ್‌ಲಿಯಲ್ಲಿ ಕಲ್ಲಿದ್ದಲ ಗಣಿಗಳಿದ್ದವು. ಅಲ್ಲಿ ಎರಡು ತೊಡಕುಗಳಿದ್ದವು. ಗಣಿಯೊಳಗೆ ನೀರು ತುಂಬುತ್ತಿತ್ತು. ತೆಗೆದ ಕಲ್ಲಿದ್ದಲನ್ನು ಪೇಟೆಗೆ ಒಯ್ಯುವಷ್ಟರಲ್ಲಿ ಬೆಲೆ ಏರುತ್ತಿತ್ತು. ಡ್ಯೂಕನ ಮೇಲ್ವಿಚಾರಕ ಜಾನ್ ಗಿಲ್ಬರ್ಟ್ ಮತ್ತು ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಸೇರಿ ಎರಡಕ್ಕೂ ಒಂದೇ ಪರಿಹಾರ ಕಂಡುಕೊಂಡರು. ಗಣಿಯಿಂದ ಹೊರಬರುವ ನೀರನ್ನೇ ಕಾಲುವೆಗೆ ಹರಿಸಿ, ಅದೇ ಕಾಲುವೆಯಲ್ಲಿ ಕಲ್ಲಿದ್ದಲನ್ನು ಸಾಗಿಸಿದರು. ಕಾಲಕ್ರಮದಲ್ಲಿ ಗಣಿಯ ಒಳಗೇ ನಾಲ್ಕು ಮಟ್ಟಗಳಲ್ಲಿ ಒಟ್ಟು ಸುಮಾರು 74 ಕಿಲೋಮೀಟರ್ ಉದ್ದದ ನೆಲದಡಿಯ ಕಾಲುವೆಗಳು ಬೆಳೆದವು.

1761ರ ಜುಲೈನಲ್ಲಿ ಬಾರ್ಟನ್ ಎಂಬಲ್ಲಿ ಇರ್ವೆಲ್ ನದಿಯ ಮೇಲೆ ಕಲ್ಲಿನ ಸೇತುವೆಯೊಂದರ ಮೂಲಕ ಕಾಲುವೆಯ ನೀರು ಹರಿಯಿತು. ನದಿಯ ಮೇಲೆ ದೋಣಿ ಹೋಗುವುದನ್ನು ನೋಡಲು ದೂರದೂರದಿಂದ ಜನ ಬಂದರು. ವರ್ತಕರಿಗಾದರೋ ಮುಖ್ಯವಾದುದು ಬೇರೆ ಲೆಕ್ಕ. ಮ್ಯಾಂಚೆಸ್ಟರಿನಲ್ಲಿ ಒಂದು ಹಂಡ್ರೆಡ್‌ವೇಟ್, ಅಂದರೆ ಸುಮಾರು 51 ಕಿಲೋ ಕಲ್ಲಿದ್ದಲಿಗೆ 7 ಪೆನ್ಸ್ ಇದ್ದ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಡ್ಯೂಕನಿಗೆ ಅನುಮತಿ ನೀಡುವಾಗಲೇ ಸಂಸತ್ತು 4 ಪೆನ್ಸಿಗಿಂತ ಹೆಚ್ಚಿಗೆ ಮಾರಕೂಡದೆಂದು ಶಾಸನದಲ್ಲಿ ಬರೆದಿತ್ತು. ಮುಂದೆ ಕಾಲುವೆ ರನ್‌ಕಾರ್ನ್ ಬಳಿ ಮರ್ಸಿ ನದಿಯನ್ನು ಮುಟ್ಟಿ ಲಿವರ್‌ಪೂಲಿಗೆ ದಾರಿಯಾದಾಗ, ರಸ್ತೆಯಲ್ಲಿ ಟನ್ನಿಗೆ 40 ಷಿಲಿಂಗ್, ನದಿಯಲ್ಲಿ 12 ಷಿಲಿಂಗ್ ಇದ್ದ ಬಾಡಿಗೆಗೆ ಎದುರಾಗಿ ಕಾಲುವೆಯ ದರ 6 ಷಿಲಿಂಗ್ ಆಯಿತು. ಇದಕ್ಕೆಲ್ಲ ಹಣ ಹೊಂದಿಸಲು ಡ್ಯೂಕನು 1765ರಲ್ಲಿ ಲಂಡನ್ನಿನ ಚೈಲ್ಡ್ಸ್ ಬ್ಯಾಂಕಿನಿಂದ 25,000 ಪೌಂಡು ಸಾಲ ಎತ್ತಿದ್ದನು. ಶ್ರೀಮಂತನಿಗೂ ಸಾಲ ತಪ್ಪಲಿಲ್ಲ.

ಕಾಲುವೆ ಕೊನೆಗೊಂಡ ಸ್ಥಳ ನಗರದ ಅಂಚಿನ ಕ್ಯಾಸಲ್‌ಫೀಲ್ಡ್. ಅಲ್ಲಿನ ಉಗ್ರಾಣಗಳನ್ನು ದೋಣಿ ನೇರವಾಗಿ ಕಟ್ಟಡದೊಳಗೆ ಹೋಗುವಂತೆ ಕಟ್ಟಲಾಗಿತ್ತು. ಸರಕನ್ನು ನೀರಿನಿಂದಲೇ ಮೇಲಂತಸ್ತಿಗೆ ಎತ್ತುತ್ತಿದ್ದರು. ಮಳೆಯಲ್ಲಿ ನೆನೆಯುವ ಭಯವಿಲ್ಲ, ಎರಡು ಬಾರಿ ಇಳಿಸಿ ಏರಿಸುವ ಹಮಾಲಿಯೂ ಇಲ್ಲ. 1825ರ ‘ಮರ್ಚೆಂಟ್ಸ್ ವೇರ್‌ಹೌಸ್’ ಈಗಲೂ ನಿಂತಿದೆ.

ಗಿರಣಿಯ ಬಾಗಿಲಿಗೆ ನೀರು

ಡ್ಯೂಕನ ಯಶಸ್ಸನ್ನು ಕಂಡು ಉಳಿದವರೂ ಮುಂದೆ ಬಂದರು. 1790ರ ದಶಕದಲ್ಲಿ ಪೂರ್ವದ ಕಲ್ಲಿದ್ದಲ ಪ್ರದೇಶಕ್ಕೆ ಆಷ್ಟನ್ ಕಾಲುವೆ, ವಾಯವ್ಯಕ್ಕೆ ಬೋಲ್ಟನ್ ಮತ್ತು ಬರಿ ಪಟ್ಟಣಗಳ ಕಾಲುವೆ ಬಂದವು. 1804ರಲ್ಲಿ ಪೆನ್ನೈನ್ ಬೆಟ್ಟಸಾಲನ್ನು 92 ಲಾಕ್‌ಗಳಿಂದ ದಾಟಿ ಯಾರ್ಕ್‌ಷೈರನ್ನು ಕೂಡುವ ರಾಚ್‌ಡೇಲ್ ಕಾಲುವೆ ಪೂರ್ಣಗೊಂಡಿತು. ಈ ಕಾಲುವೆಯ ಕೊನೆಯ ಒಂಬತ್ತು ಲಾಕ್‌ಗಳು ನಗರದ ಮಧ್ಯಭಾಗದಲ್ಲಿಯೇ ಇಳಿದು ಕ್ಯಾಸಲ್‌ಫೀಲ್ಡಿನಲ್ಲಿ ಡ್ಯೂಕನ ಕಾಲುವೆಯನ್ನು ಸೇರುತ್ತವೆ. ಅವುಗಳ ಮೇಲ್ತುದಿಯಲ್ಲಿ ಆಷ್ಟನ್ ಕಾಲುವೆಯೂ ಬಂದು ಕೂಡುತ್ತದೆ. ಪಶ್ಚಿಮದ ನೀರಿಗೂ ಪೂರ್ವದ ನೀರಿಗೂ ನಡುವಿನ ಕೊಂಡಿ ಈ ಒಂಬತ್ತು ಲಾಕ್‌ಗಳೇ ಆದವು.

ರಾಚ್‌ಡೇಲ್ ಕಾಲುವೆಯ ದಡದಲ್ಲಿರುವ ಆ್ಯಂಕೋಟ್ಸ್ ಬಡಾವಣೆಯಲ್ಲಿ ಹತ್ತಿ ಗಿರಣಿಗಳು ಸಾಲುಗಟ್ಟಿದ್ದು ಆಕಸ್ಮಿಕವಲ್ಲ. ಕಲ್ಲಿದ್ದಲು ದೋಣಿಯಲ್ಲಿ ಬರುತ್ತಿತ್ತು ಎಂಬುದು ಒಂದು ಕಾರಣ. ಉಗಿಯಂತ್ರದ ಕಂಡೆನ್ಸರನ್ನು ತಂಪುಮಾಡಲು ಕಾಲುವೆಯ ನೀರು ಸಿಗುತ್ತಿತ್ತು ಎಂಬುದು ಅಷ್ಟೇ ಬಲವಾದ ಇನ್ನೊಂದು ಕಾರಣ. ಮರ್ರೆ ಸಹೋದರರು ತಮ್ಮ ಗಿರಣಿಯ ಅಂಗಳದ ನಡುವೆಯೇ ಸ್ವಂತ ಕಟ್ಟೆಯನ್ನು ತೋಡಿಸಿ, ಬೀದಿಯ ಅಡಿಯಲ್ಲಿ ಸುರಂಗ ಕೊರೆದು ಅದನ್ನು ಕಾಲುವೆಗೆ ಜೋಡಿಸಿದರು. ಕಾರ್ಖಾನೆಯ ಆವರಣಕ್ಕೇ ರೈಲುಹಳಿ ಹಾಕಿಸಿಕೊಳ್ಳುವ ಪದ್ಧತಿ ಬರುವುದಕ್ಕೆ ಬಹಳ ಮುಂಚಿನ ಮಾತಿದು.

ಈ ಗಿರಣಿಗಳ ಹಸಿವು ಕರ್ನಾಟಕದವರೆಗೂ ಕೈಚಾಚಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಮ್ಯಾಂಚೆಸ್ಟರಿನ ವರ್ತಕರು ಸ್ಥಾಪಿಸಿದ ‘ಮ್ಯಾಂಚೆಸ್ಟರ್ ಕಾಟನ್ ಕಂಪನಿ’ ಕಾರವಾರದ ಮೂಲಕ ಈ ಹತ್ತಿಯನ್ನು ಒಯ್ಯಲು ಯಂತ್ರಸಾಮಗ್ರಿಯನ್ನೂ ಕಳುಹಿಸಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದ್ದರ ಹಿಂದೆಯೂ ಈ ವರ್ತಕರ ಒತ್ತಡವಿತ್ತು. ಆದರೆ ಹತ್ತಿಯ ಹೊಲಕ್ಕೂ ಬಂದರಿಗೂ ನಡುವೆ ಘಟ್ಟವಿತ್ತು, ರಸ್ತೆ ಸಿದ್ಧವಾಗಿರಲಿಲ್ಲ. ತಮ್ಮ ಊರಿನಲ್ಲಿ ಗಿರಣಿಯ ಬಾಗಿಲಿಗೇ ದೋಣಿ ತಂದವರಿಗೆ ಇಲ್ಲಿ ಎತ್ತಿನ ಗಾಡಿಯ ವೇಗಕ್ಕೆ ಕಾಯಬೇಕಾಯಿತು. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. 1880ರ ದಶಕದ ಕೊನೆಗೆ ಮುರ್ಮಗೋವಾ ಬಂದರಿಗೆ ರೈಲು ಬಂದ ಮೇಲಂತೂ ಒಳನಾಡಿನ ಸರಕು ಕಾರವಾರವನ್ನು ಬಿಟ್ಟು ಅತ್ತ ಹರಿಯಿತು.

ತಡವಾಗಿ ಬಂದ ಕೊಂಡಿ

ಮ್ಯಾಂಚೆಸ್ಟರಿನ ಕಾಲುವೆಗಳಿಗೂ ರೈಲು ಇದೇ ಪಾಡು ತಂದಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ತೆರೆದದ್ದು 1830ರಲ್ಲಿ. ಬೋಲ್ಟನ್–ಬರಿ ಕಾಲುವೆ ಕಂಪನಿ ತಾನೇ ರೈಲು ಕಂಪನಿಯಾಗಿ ಮಾರ್ಪಟ್ಟು 1838ರಲ್ಲಿ ಬೋಲ್ಟನ್ನಿಗೆ ಹಳಿ ಹಾಕಿತು. ಆಷ್ಟನ್ ಕಾಲುವೆ 1840ರ ದಶಕದಲ್ಲಿ ರೈಲು ಕಂಪನಿಯೊಂದರ ಕೈಸೇರಿತು. ಪ್ರತಿಸ್ಪರ್ಧಿಯ ಒಡೆತನಕ್ಕೆ ಹೋದ ಕಾಲುವೆಯಲ್ಲಿ ಹೂಳು ತೆಗೆಸುವ ಉತ್ಸಾಹ ಯಾರಿಗೆ ಇದ್ದೀತು?

ಅಳಿದ ಕಾಲುವೆಗಳ ಪೈಕಿ ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ಮ್ಯಾಂಚೆಸ್ಟರ್–ಸಾಲ್‌ಫರ್ಡ್ ಜಂಕ್ಷನ್ ಕಾಲುವೆ. ರಾಚ್‌ಡೇಲ್ ಕಾಲುವೆಗೂ ಇರ್ವೆಲ್ ನದಿಗೂ ನಡುವೆ ನೇರ ಕೊಂಡಿಯಿರಲಿಲ್ಲ. ಸರಕನ್ನು ಇಳಿಸಿ ಬೀದಿಯಲ್ಲಿ ಗಾಡಿಯ ಮೇಲೆ ಒಯ್ಯಬೇಕಿತ್ತು. ಈ ಒಂದು ಕಿಲೋಮೀಟರಿನಷ್ಟು ದೂರಕ್ಕೆ, ಅರ್ಧ ಭಾಗವನ್ನು ಸುರಂಗದಲ್ಲಿ ಒಯ್ದು, ಸುಮಾರು 60,000 ಪೌಂಡು ವೆಚ್ಚದಲ್ಲಿ ಕಾಲುವೆ ನಿರ್ಮಿಸಿ 1839ರ ಅಕ್ಟೋಬರಿನಲ್ಲಿ ತೆರೆಯಲಾಯಿತು. ಆದರೆ ಡ್ಯೂಕನ ಕಾಲುವೆಯವರು ಸುಮ್ಮನೆ ಕುಳಿತಿರಲಿಲ್ಲ. ಹ್ಯೂಮ್ ಎಂಬಲ್ಲಿ ತಮ್ಮ ಕಾಲುವೆಯಿಂದ ನದಿಗೆ ಕೆಲವೇ ಲಾಕ್‌ಗಳ ಚಿಕ್ಕ ದಾರಿಯನ್ನು 1838ರಲ್ಲಿಯೇ ತೆರೆದಿದ್ದರು. ಹೊಸ ಕಾಲುವೆ ಹುಟ್ಟುವಾಗಲೇ ಅದರ ಗಿರಾಕಿಗಳು ಬೇರೆಡೆ ಹೋಗಿದ್ದರು.

ಮುಂದೆ ಅದರ ಒಂದು ಭಾಗ ಸೆಂಟ್ರಲ್ ರೈಲು ನಿಲ್ದಾಣಕ್ಕಾಗಿ ಮುಚ್ಚಿಹೋಯಿತು. ಉಳಿದ ಸುರಂಗಕ್ಕೆ ವಿಚಿತ್ರವಾದ ಮರುಹುಟ್ಟು ದೊರೆಯಿತು. 1890ರ ದಶಕದ ಕೊನೆಯಲ್ಲಿ ಗ್ರೇಟ್ ನಾರ್ದರ್ನ್ ರೈಲು ಕಂಪನಿ ಅದರ ಮೇಲೆಯೇ ಬೃಹತ್ ಉಗ್ರಾಣ ಕಟ್ಟಿ, ನೆಲದಡಿಯ ದೋಣಿಗಳಿಂದ ಸರಕನ್ನು ಎತ್ತಲು ಕೂಪಗಳನ್ನು ಇಳಿಸಿತು. 1936ರಲ್ಲಿ ಕಾಲುವೆಯನ್ನು ಕೈಬಿಡಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಅದೇ ಸುರಂಗ ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳುವ ಆಶ್ರಯತಾಣವಾಗಿತ್ತು. ಉಗ್ರಾಣ ಇಂದಿಗೂ ಇದೆ, ಅದರ ಅಡಿಯಲ್ಲಿ ಸುರಂಗವೂ ಇದೆ. ಮೇಲಿನ ಬೀದಿಯಲ್ಲಿ ನಡೆಯುವವರಿಗೆ ಅದರ ಸುಳಿವು ಸಿಗುವುದಿಲ್ಲ.

ಬೋಲ್ಟನ್–ಬರಿ ಕಾಲುವೆಯ ದಂಡೆ ಅದೇ 1936ರಲ್ಲಿ ನಾಬ್ ಎಂಡ್ ಬಳಿ ಒಡೆಯಿತು. ಅದನ್ನು ಕಟ್ಟಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಆಷ್ಟನ್ ಕಾಲುವೆಯಿಂದ ಸ್ಟಾಕ್‌ಪೋರ್ಟಿಗೆ ಹೋಗುತ್ತಿದ್ದ ಶಾಖೆಯನ್ನು 1960ರ ದಶಕದಲ್ಲಿ ತುಂಬಿದರು. ಅದರ ಜಾಡಿನ ಬಹುಭಾಗ ಈಗ ಕಾಲುದಾರಿ.

ಒಂದು ಷರತ್ತಿನ ಮೇಲೆ ಉಳಿದ ಒಂಬತ್ತು ಲಾಕ್‌ಗಳು

ರಾಚ್‌ಡೇಲ್ ಕಾಲುವೆ ಖಾಸಗಿ ಕಂಪನಿಯಾಗಿಯೇ ಮುಂದುವರಿಯಿತು. 1948ರಲ್ಲಿ ಬ್ರಿಟನ್ನಿನ ಬಹುತೇಕ ಕಾಲುವೆಗಳು ರಾಷ್ಟ್ರೀಕರಣಗೊಂಡಾಗಲೂ ಅದು ಹೊರಗುಳಿಯಿತು. ಆದರೆ ಅದು ತನ್ನ ಜಲಾಶಯಗಳನ್ನು 1923ರಲ್ಲಿಯೇ ರಾಚ್‌ಡೇಲ್ ಮತ್ತು ಓಲ್ಡ್‌ಹ್ಯಾಂ ನಗರಸಭೆಗಳಿಗೆ ಕುಡಿಯುವ ನೀರಿಗಾಗಿ ಮಾರಿತ್ತು. ಆ ಕಾಲಕ್ಕೆ ಒಳ್ಳೆಯ ವ್ಯಾಪಾರವೇ. ಬೆಟ್ಟ ಹತ್ತುವ ಕಾಲುವೆ ತನ್ನ ನೀರನ್ನೇ ಮಾರಿದ ಮೇಲೆ ಸಂಚಾರ ಎಷ್ಟು ದಿನ ನಡೆದೀತು? 1937ರಲ್ಲಿ ಸರಕು ದೋಣಿಯೊಂದು ಕಾಲುವೆಯ ಪೂರ್ಣ ಉದ್ದವನ್ನು ಕೊನೆಯ ಬಾರಿ ಕ್ರಮಿಸಿತು. 1952ರ ಶಾಸನ ಬಹುಭಾಗವನ್ನು ಮುಚ್ಚಿತು. ನಗರದೊಳಗಿನ ಒಂಬತ್ತು ಲಾಕ್‌ಗಳು ಮಾತ್ರ ತೆರೆದಿದ್ದವು. 1965ರ ಇನ್ನೊಂದು ಶಾಸನ ಅವುಗಳಿಗೂ ಒಂದು ಷರತ್ತು ಹಾಕಿತು: ನೆರೆಯ ಆಷ್ಟನ್ ಕಾಲುವೆಯನ್ನು ಅಧಿಕೃತವಾಗಿ ಕೈಬಿಡುವವರೆಗೆ ಮಾತ್ರ ಇವನ್ನು ತೆರೆದಿಡತಕ್ಕದ್ದು.

ಆಷ್ಟನ್ ಕಾಲುವೆಯ ಸ್ಥಿತಿಯಾದರೋ ಆಗ ಶೋಚನೀಯವಾಗಿತ್ತು. ಲಾಕ್‌ಗಳ ಬಾಗಿಲು ಕೊಳೆತು, ಹಳೆಯ ಮಂಚ, ಸೈಕಲ್, ಇಟ್ಟಿಗೆಚೂರುಗಳಿಂದ ಕಾಲುವೆ ತುಂಬಿತ್ತು. ಅದನ್ನು ಮುಚ್ಚುವುದೇ ಅಗ್ಗವೆಂಬ ವಾದ ಲೆಕ್ಕದ ದೃಷ್ಟಿಯಿಂದ ತಪ್ಪೇನೂ ಆಗಿರಲಿಲ್ಲ. ಆದರೆ ಅದು ಮುಚ್ಚಿದರೆ ನಗರದ ನಡುವಿನ ಕೊಂಡಿಯೂ ಹೋಗುತ್ತಿತ್ತು. ಆಮೇಲೆ ಎಷ್ಟು ಹಣ ಸುರಿದರೂ ಮ್ಯಾಂಚೆಸ್ಟರಿನ ಮಧ್ಯದಲ್ಲಿ ಅಂಥ ಜಾಗ ಸಿಗುತ್ತಿರಲಿಲ್ಲ. 1968ರಲ್ಲಿ ನೂರಾರು ಸ್ವಯಂಸೇವಕರು ಒಂದು ವಾರಾಂತ್ಯದಲ್ಲಿ ಡ್ರಾಯ್ಲ್ಸ್‌ಡನ್ ಬಳಿ ಕಾಲುವೆಗಿಳಿದು ಕಸವನ್ನು ಎತ್ತಿದರು. 1972ರಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಅದೇ ಕೆಲಸ ನಡೆಯಿತು. ಕೂಲಿ ಪಡೆಯದೆ ಕೆಸರು ಎತ್ತಿದ ಈ ಜನರ ಶ್ರಮ, ಅರ್ಜಿಗಳಿಗಿಂತ ಹೆಚ್ಚಾಗಿ ಆಡಳಿತಗಾರರ ಮನಸ್ಸನ್ನು ತಿರುಗಿಸಿತೆನ್ನಬೇಕು. 1974ರಲ್ಲಿ ಆಷ್ಟನ್ ಕಾಲುವೆ ಮತ್ತೆ ತೆರೆಯಿತು. ಒಂಬತ್ತು ಲಾಕ್‌ಗಳೂ ಉಳಿದವು. ಕಾಕತಾಳೀಯವೆಂಬಂತೆ ಅದೇ ವರ್ಷ ಬ್ರಿಡ್ಜ್‌ವಾಟರ್ ಕಾಲುವೆಯಲ್ಲಿ ಧಾನ್ಯ ಸಾಗಣೆ ನಿಂತು, ಅಲ್ಲಿನ ಸರಕು ವ್ಯಾಪಾರ ಮುಗಿಯಿತು. ಅಂದಿನಿಂದ ಈ ನೀರಿನ ಮೇಲೆ ಸಾಗುವುದು ಮುಖ್ಯವಾಗಿ ವಿಹಾರ ದೋಣಿಗಳು.

ಒಮ್ಮೆ ಬಿಟ್ಟುಕೊಟ್ಟ ಜಾಗವನ್ನು ಮರಳಿ ಪಡೆಯುವುದು ಎಷ್ಟು ದುಬಾರಿ ಎಂಬುದಕ್ಕೆ ರಾಚ್‌ಡೇಲ್ ಕಾಲುವೆಯ ಉಳಿದ ಭಾಗವೇ ಸಾಕ್ಷಿ. ಮುಚ್ಚಿದ ವರ್ಷಗಳಲ್ಲಿ ಎಂ62 ಹೆದ್ದಾರಿ ಅದನ್ನು ಅಡ್ಡಗಟ್ಟಿತ್ತು. ಫೇಲ್ಸ್‌ವರ್ತ್‌ನಲ್ಲಿ ಸೂಪರ್‌ಮಾರ್ಕೆಟ್ ಒಂದು ಕಾಲುವೆಯ ಮೇಲೆಯೇ ಎದ್ದಿತ್ತು. ಪುನರುಜ್ಜೀವನಕ್ಕಾಗಿ ಆ ಅಂಗಡಿಯನ್ನು ಕೆಡವಬೇಕಾಯಿತು. ಹೆದ್ದಾರಿಯ ಕೆಳಗೆ, ರೈತನೊಬ್ಬನ ಓಡಾಟಕ್ಕೆಂದು ಬಿಟ್ಟಿದ್ದ ದಾರಿಯ ಮೂಲಕ ಕಾಲುವೆಯನ್ನು ತಿರುಗಿಸಲಾಯಿತು. ಪೂರ್ಣ ಕಾಲುವೆ ತೆರೆದದ್ದು 2002ರ ಜುಲೈನಲ್ಲಿ. ಆ್ಯಂಕೋಟ್ಸಿನ ಗಿರಣಿಗಳು ಈಗ ವಸತಿಗಳು, ಕಚೇರಿಗಳಾಗಿವೆ. ಮರ್ರೆ ಗಿರಣಿಯ ಅಂಗಳದ ಕಟ್ಟೆಯ ಸ್ಥಾನದಲ್ಲಿ ನೀರಿನ ಕೊಳವೊಂದು ಮರಳಿದೆ.

ಹಡಗು ಕಾಲುವೆಯದು ಬೇರೆಯೇ ಅಳತೆಯ ಕಥೆ. ಲಿವರ್‌ಪೂಲ್ ಬಂದರಿನ ಸುಂಕ ಮತ್ತು ರೈಲು ದರಗಳಿಂದ ಬೇಸತ್ತ ಉದ್ಯಮಿಗಳು 1882ರಲ್ಲಿ ಡೇನಿಯಲ್ ಆ್ಯಡಮ್ಸನ್ ಎಂಬ ಬಾಯ್ಲರ್ ತಯಾರಕನ ಮನೆಯಲ್ಲಿ ಸೇರಿ ಸಮುದ್ರವನ್ನೇ ಊರಿಗೆ ತರಲು ನಿಶ್ಚಯಿಸಿದರು. 58 ಕಿಲೋಮೀಟರ್ ಉದ್ದದ ಆ ಕಾಲುವೆ 1894ರ ಜನವರಿ 1ರಂದು ತೆರೆಯಿತು. ಹಣ ಸಾಲದೆ ಹೋದಾಗ ಮ್ಯಾಂಚೆಸ್ಟರ್ ನಗರಸಭೆ 50 ಲಕ್ಷ ಪೌಂಡು ಸಾಲ ನೀಡಿ ಕಾಮಗಾರಿಯನ್ನು ಉಳಿಸಿತ್ತು. ಹಡಗುಗಳಿಗೆ ಎಡೆಮಾಡಿಕೊಡಲು ಬ್ರಿಂಡ್ಲಿಯ ಬಾರ್ಟನ್ ಸೇತುವೆಯನ್ನು ಕೆಡವಿ, ಸುಮಾರು 800 ಟನ್ ನೀರನ್ನು ಹೊತ್ತುಕೊಂಡೇ ಪಕ್ಕಕ್ಕೆ ತಿರುಗುವ ಉಕ್ಕಿನ ಸೇತುವೆಯನ್ನು ಕೂಡಿಸಲಾಯಿತು. ದೊಡ್ಡ ಕಂಟೇನರ್ ಹಡಗುಗಳ ಕಾಲದಲ್ಲಿ ಸಾಲ್‌ಫರ್ಡಿನ ಹಡಗುಕಟ್ಟೆಗಳು 1982ರಲ್ಲಿ ಮುಚ್ಚಿದವು. ಆ ದಡದಲ್ಲಿ ಈಗ ಕಚೇರಿಗಳೂ ದೂರದರ್ಶನ ಸ್ಟುಡಿಯೋಗಳೂ ಇವೆ.

ಮೊದಲು ಹುಟ್ಟಿದ ಡ್ಯೂಕನ ಕಾಲುವೆ ಇಂದಿಗೂ ಖಾಸಗಿ ಒಡೆತನದಲ್ಲಿದೆ. 2025ರ ಜನವರಿ 1ರಂದು ಭಾರೀ ಮಳೆಯ ನಡುವೆ ಡನ್‌ಹ್ಯಾಂ ಮಾಸಿ ಬಳಿ ಅದರ ದಂಡೆ ಕುಸಿದು, ಕಾಲುವೆಯ ನೀರು ಕೆಳಗಿನ ಹೊಲಗಳಿಗೆ ನುಗ್ಗಿತು. ಮ್ಯಾಂಚೆಸ್ಟರಿಗೂ ರನ್‌ಕಾರ್ನಿಗೂ ನಡುವಿನ ದೋಣಿಯ ದಾರಿ ತುಂಡಾಯಿತು. ಖಾಸಗಿ ಕಾಲುವೆಯ ದುರಸ್ತಿಗೆ ಸಾರ್ವಜನಿಕ ಹಣ ಎಷ್ಟು ಕೊಡಬೇಕು, ಒಡೆಯರು ಎಷ್ಟು ಹಾಕಬೇಕು ಎಂಬ ಚರ್ಚೆ ಅಂದಿನಿಂದ ಆರಂಭವಾಯಿತು.