ಬಾದಾಮಿಯ ಗೋಡೆಯಲ್ಲಿ ಮಂಗಳ, ಎರೆಹೊಲದ ಅಡಿಯಲ್ಲಿ ಚಂದ್ರ

ಬಾದಾಮಿಯ ಮೂರನೇ ಗುಹೆಗೆ ಹೋದವರೆಲ್ಲ ನೋಡುವುದು ಸರ್ಪದ ಮೇಲೆ ಕೂತ ವಿಷ್ಣುವನ್ನು, ಕಾಲೆತ್ತಿ ನಿಂತ ತ್ರಿವಿಕ್ರಮನನ್ನು. ನೋಡಲೇಬೇಕಾದವು. ಆದರೆ ಮುಂದಿನ ಸಲ ಹೋದಾಗ ಮೂರ್ತಿಗಳಿಗೆ ಬೆನ್ನು ಮಾಡಿ, ಶಿಲ್ಪಿಗಳು ಏನೂ ಕೆತ್ತದೆ ಬಿಟ್ಟ ಬಂಡೆಯನ್ನೂ ಒಂದಿಷ್ಟು ಹೊತ್ತು ನೋಡಿ. ಕೆಂಪು, ನಸುಹಳದಿ, ಬಿಳಿ ಗೆರೆಗಳು ಒಂದರ ಮೇಲೊಂದು ಕೂತಿವೆ. ಬಹಳಷ್ಟು ಗೆರೆಗಳು ಅಡ್ಡ ಮಲಗಿವೆ. ನಡುನಡುವೆ ಕೆಲವು ಓರೆಯಾಗಿ ಬಂದು, ಮೇಲಿನ ಗೆರೆಗೆ ತಾಗಿದಲ್ಲಿ ಕತ್ತರಿಸಿ ಹಾಕಿದಂತೆ ನಿಂತುಬಿಡುತ್ತವೆ.

ಅದು ಚಾಲುಕ್ಯರ ಉಳಿಯ ಕೆಲಸವಲ್ಲ, ನೀರಿನ ಕೆಲಸ. ಹೊಳೆ ಮರಳನ್ನು ತಳ್ಳಿಕೊಂಡು ಹೋಗುವಾಗ ಮರಳುದಿಬ್ಬದ ಇಳಿಜಾರಿನಲ್ಲಿ ಒಂದೊಂದೇ ಪದರ ಜಾರಿ ಕೂತ ಗುರುತು ಅದು. ಓರೆ ಯಾವ ಕಡೆಗೆ ಇಳಿದಿದೆಯೋ ಆ ಕಡೆಗೆ ಹೊಳೆ ಹರಿದಿತ್ತು. ಭೂವಿಜ್ಞಾನಿಗಳು ಈ ಕಲ್ಲಿಗೆ ಇಟ್ಟಿರುವ ಹೆಸರೇ ‘ಕೇವ್ ಟೆಂಪಲ್ ಅರೆನೈಟ್’, ಅಂದರೆ ಗುಹಾಲಯದ ಮರಳುಗಲ್ಲು.

ಇದೇ ಬಗೆಯ ಓರೆಗೆರೆಗಳ ಫೋಟೊವನ್ನು ನಾಸಾದ ಕ್ಯೂರಿಯಾಸಿಟಿ ಬಂಡಿ ಮಂಗಳ ಗ್ರಹದಿಂದ ಕಳಿಸಿದೆ. 2012ರ ಆಗಸ್ಟ್‌ನಲ್ಲಿ ಗೇಲ್ ಎಂಬ ಕುಳಿಯಲ್ಲಿ ಇಳಿದ ಅದಕ್ಕೆ ಕೆಲವೇ ವಾರಗಳಲ್ಲಿ ಉರುಟು ಹರಳುಕಲ್ಲುಗಳು ಅಂಟಿಕೊಂಡು ಗಟ್ಟಿಯಾದ ಪದರವೊಂದು ಸಿಕ್ಕಿತು. ಆ ಹರಳುಗಳು ಗಾಳಿ ಹೊತ್ತು ತರಲಾರದಷ್ಟು ದೊಡ್ಡವು. ಉರುಳಿ ಉರುಳಿ ಮೂಲೆ ಸವೆದವು. ಹರಡಿನಿಂದ ಸೊಂಟದವರೆಗೆ ನೀರಿದ್ದ ಹಳ್ಳ ಒಂದು ಕಾಲಕ್ಕೆ ಅಲ್ಲಿ ಹರಿದಿರಬೇಕು ಎಂದು ವಿಜ್ಞಾನಿಗಳು ಅಂದಾಜು ಮಾಡಿದರು. ಬಾದಾಮಿ ಮರಳುಗಲ್ಲಿನ ಬುಡದಲ್ಲೂ ಇಂಥದೇ ಹರಳುಗಲ್ಲಿನ ಪದರವಿದೆ. ಎರಡೂ ಕಡೆಯ ಕೆಂಪಿಗೆ ಕಾರಣವೂ ಒಂದೇ, ಕಬ್ಬಿಣದ ತುಕ್ಕು.

ಇನ್ನೊಂದು ಹೋಲಿಕೆ ನನಗೆ ಇದಕ್ಕಿಂತ ಹೆಚ್ಚು ಅಚ್ಚರಿ ತರುತ್ತದೆ. ಬಾದಾಮಿಯ ಮರಳನ್ನು ತಂದ ಹೊಳೆಯ ದಂಡೆಯಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಈ ಕಲ್ಲು 60 ಕೋಟಿ ವರ್ಷಕ್ಕೂ ಹಿಂದಿನದು, ನೆಲದ ಮೇಲೆ ಗಿಡ ಹುಟ್ಟಿದ್ದು ಅದಾದ ಎಷ್ಟೋ ಕಾಲಕ್ಕೆ. ಮಣ್ಣು ಹಿಡಿಯಲು ಬೇರಿಲ್ಲದ ಮೇಲೆ ಹೊಳೆಗೆ ದಂಡೆ ಎಂಬುದೇ ನಿಲ್ಲದು. ಅದು ಜಡೆ ಬಿಚ್ಚಿದ ಕೂದಲಿನಂತೆ ಹತ್ತು ಕವಲಾಗಿ ಹರಡಿಕೊಳ್ಳುತ್ತದೆ. ಆಗಿನ ಮಲೆನಾಡು, ಬಯಲುಸೀಮೆ ಎಲ್ಲವೂ ಬೋಳು ಕೆಂಪು ನೆಲ. ಆ ಹೊತ್ತಿಗೆ ಯಾರಾದರೂ ಬಾದಾಮಿಯಲ್ಲಿ ನಿಂತು ಫೋಟೊ ತೆಗೆದಿದ್ದರೆ ಮಂಗಳಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿದ್ದುದು ಆಕಾಶದಲ್ಲಿ ಮಾತ್ರ. ಅಗಸ್ತ್ಯತೀರ್ಥದ ದಂಡೆಗೆ ಕೂತರೆ ಮುಳುಗುವ ಸೂರ್ಯ ಕೆಂಪಗೆ ಕಾಣುತ್ತಾನೆ. ಮಂಗಳದಲ್ಲಿ ಹಗಲು ಆಕಾಶವೇ ಕೆಂಚು, ಸೂರ್ಯ ಮುಳುಗುವಾಗ ಅವನ ಸುತ್ತ ನೀಲಿ. ಅಲ್ಲಿನ ನವಿರು ಧೂಳು ನೀಲಿ ಬೆಳಕನ್ನು ನೇರ ಮುಂದಕ್ಕೆ ಬಿಡುವುದರಿಂದ ಹೀಗಾಗುತ್ತದೆ.

ಆ ಕಾಲದಲ್ಲಿ ದಿನಕ್ಕೆ 24 ಗಂಟೆಯೂ ಇರಲಿಲ್ಲ. 62 ಕೋಟಿ ವರ್ಷಗಳ ಹಿಂದಿನ ಉಬ್ಬರ-ಇಳಿತದ ಪದರಗಳನ್ನು ಆಸ್ಟ್ರೇಲಿಯದಲ್ಲಿ ಎಣಿಸಿ ನೋಡಿದವರಿಗೆ ಸಿಕ್ಕ ಲೆಕ್ಕ ದಿನಕ್ಕೆ 22 ಗಂಟೆಯ ಆಸುಪಾಸು, ವರ್ಷಕ್ಕೆ 400 ದಿನ. ಭೂಮಿಗೆ ಬ್ರೇಕು ಹಾಕುತ್ತ ಬಂದವನು ಚಂದ್ರ. ಅವನ ಸುದ್ದಿಗೆ ಆಮೇಲೆ ಬರೋಣ.

ಸೌರಮಂಡಲ ಎಂದರೆ ನಮ್ಮ ಕಣ್ಣಿಗೆ ಬರುವುದು ಶಾಲೆಯ ಗೋಡೆಯ ಪಟ: ಕಪ್ಪು ಹಿನ್ನೆಲೆ, ಬಣ್ಣದ ಗೋಲಿಗಳು, ಶನಿಗೊಂದು ಬಳೆ. ಅದನ್ನು ಬಿಟ್ಟು ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ದಿನ ಬಸ್ಸು ಹತ್ತಿ ಇಳಿದರೆ ಸಾಕು, ಬೇರೆ ಲೋಕಗಳ ಕಲ್ಲನ್ನು ಕೈಯಿಂದ ಮುಟ್ಟಬಹುದು ಎಂಬುದು ನನ್ನ ವಾದ.

ಜಮಖಂಡಿಯ ಕಡೆಗೆ ಹೋದರೆ ನೆಲ ಕಪ್ಪಾಗುತ್ತದೆ. ಆ ಎರೆಭೂಮಿಯ ಅಡಿಗಿರುವುದು ಬಸಾಲ್ಟ್ ಎಂಬ ಕರಿಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ತುಂಬ ಹರಡಿದ ಲಾವಾರಸ ಆರಿ ಆದದ್ದು. ಹುಣ್ಣಿಮೆಯ ರಾತ್ರಿ ಚಂದ್ರನಲ್ಲಿ ಮಕ್ಕಳಿಗೆ ಮೊಲ ತೋರಿಸುತ್ತೇವಲ್ಲ, ಆ ಮೊಲವೂ ಬಸಾಲ್ಟೇ. ಬಹುಪಾಲು ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಲಾವಾರಸ, ತಗ್ಗುಗಳಲ್ಲಿ ತುಂಬಿ ಕಪ್ಪಾಗಿ ಕೂತಿದೆ. ಮೊಲದ ಸುತ್ತಲಿನ ಬಿಳಿ ನೆಲ ಅನಾರ್ಥೊಸೈಟ್ ಎಂಬ ಬೇರೆ ಕಲ್ಲು. ಚಂದ್ರಯಾನದ ಬಂಡಿ ಓಡಿಸಿ ನೋಡಲು ಇಸ್ರೊಗೆ ಅಂಥ ಮಣ್ಣು ಬೇಕಾದಾಗ ಅದು ಸಿಕ್ಕಿದ್ದು ತಮಿಳುನಾಡಿನ ಸಿತ್ತಂಪೂಂಡಿಯಲ್ಲಿ.

ನಮ್ಮ ಕರಿಕಲ್ಲು ಮಳೆಗೆ ನೆಂದು, ಬಿಸಿಲಿಗೆ ಒಡೆದು ಜೋಳ ಬೆಳೆಯುವ ಎರೆಮಣ್ಣಾಯಿತು. ಚಂದ್ರನಲ್ಲಿ ಮಳೆಯಿಲ್ಲ, ಹಾಗಾಗಿ ಕಲ್ಲು ಉಲ್ಕೆಗಳ ಏಟಿಗೆ ಪುಡಿಯಾಯಿತೇ ಹೊರತು ಮಣ್ಣಾಗಲಿಲ್ಲ. ಆ ಪುಡಿ ಎಂಥ ಕಂಬಳಿ ಎಂಬುದನ್ನು 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3 ತೋರಿಸಿಕೊಟ್ಟಿತು. ಅದು ನೆಲಕ್ಕೆ ಚುಚ್ಚಿದ ಉಷ್ಣಮಾಪಕ ಮೇಲ್ಗಡೆ 50 ಡಿಗ್ರಿಗೂ ಮಿಕ್ಕಿದ ಸುಡು ತೋರಿಸಿತು. 8 ಸೆಂ.ಮೀ. ಕೆಳಗೆ, ಅಂದರೆ ನಾಲ್ಕು ಬೆರಳು ಆಳದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕಡಿಮೆ. ಏಪ್ರಿಲ್ ಮಧ್ಯಾಹ್ನ ಬಾಗಲಕೋಟೆಯ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಈ ಅಂಕಿಯ ಮೊದಲರ್ಧ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ಬೆರಳು ಕೆದರಿದರೆ ಬರ್ಫ ಹುಟ್ಟುವ ಚಳಿ ಎಂದರೆ ಮಾತ್ರ ನಂಬುವುದು ಕಷ್ಟ.

ಬೆಳ್ಳಿ ಚಿಕ್ಕಿಯೂ ಇದೇ ಕರಿಕಲ್ಲಿನ ಗೋತ್ರದ್ದು. ನಸುಕಿನಲ್ಲಿ ಎತ್ತು ಕಟ್ಟುವವರು ಅದನ್ನು ನೋಡಿ ಹೊತ್ತು ಹೇಳುತ್ತಿದ್ದರು. ಆದರೆ ಆ ಶುಕ್ರನ ಹೊತ್ತಿನ ಲೆಕ್ಕವೇ ಬೇರೆ. ತನ್ನ ಸುತ್ತ ಒಂದು ಸಲ ತಿರುಗಲು ಅದಕ್ಕೆ ನಮ್ಮ 243 ದಿನ ಬೇಕು, ಸೂರ್ಯನನ್ನು ಸುತ್ತಿ ಬರಲು 225 ದಿನ ಸಾಕು. ತಿರುಗುವುದೂ ತಿರುಗಾಮುರುಗಾ, ಅಲ್ಲಿ ಸೂರ್ಯ ಹುಟ್ಟುವುದು ಪಡುವಣದಲ್ಲಿ. 1982ರ ಮಾರ್ಚ್ 1ರಂದು ಸೋವಿಯತ್ ಒಕ್ಕೂಟದ ವೆನೆರಾ-13 ಅಲ್ಲಿ ಇಳಿದು, ಸೀಸ ಕರಗುವ ಸೆಕೆಯಲ್ಲಿ 127 ನಿಮಿಷ ಬದುಕಿ, ಕಲ್ಲು ಕೊರೆದು ಪರೀಕ್ಷೆ ಮಾಡಿತು. ಸಿಕ್ಕಿದ್ದು ಬಸಾಲ್ಟಿನ ಜಾತಿಯದೇ.

ಒಳಗಿನ ಗ್ರಹಗಳಲ್ಲಿ ಕರಿಕಲ್ಲಿಗೆ ಬರವಿಲ್ಲ. ಬರ ಇರುವುದು ಇಳಕಲ್ ಕಲ್ಲಿಗೆ.

ಇಳಕಲ್ ಎಂದರೆ ಎಲ್ಲರ ಬಾಯಿಗೆ ಬರುವುದು ಟೋಪ ತೆನಿ ಸೆರಗಿನ ಸೀರೆ. ಊರ ಸುತ್ತಿನ ಗುಲಾಬಿ ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ, ಆದರೂ ಅದಕ್ಕೆ ಸೀರೆಯ ಹೆಸರಿಲ್ಲ. ಒಂದು ಪಾಲಿಶ್ ಶೆಡ್ಡಿನಲ್ಲಿ ಒದ್ದೆ ಹಲಗೆಯ ಮೇಲೆ ಬಗ್ಗಿ ನೋಡಿದೆ. ಗುಲಾಬಿ ಬಣ್ಣದ ಹರಳು, ಅದರ ನಡುವೆ ಗಾಜಿನಂಥ ಬೂದು ಹರಳು, ಅಲ್ಲಲ್ಲಿ ಕರಿ ಚುಕ್ಕೆ. ಗುಲಾಬಿ ಹರಳು ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್, ಬೂದು ಹರಳು ಕ್ವಾರ್ಟ್ಜ್. ಹರಳು ಕಣ್ಣಿಗೆ ಕಾಣುವಷ್ಟು ದಪ್ಪವಿದೆ ಎಂದರೆ ಕಲ್ಲು ನೆಲದಾಳದಲ್ಲಿ ನಿಧಾನಕ್ಕೆ ಆರಿದೆ ಎಂದೇ ಅರ್ಥ. ಕಲ್ಲುಸಕ್ಕರೆ ಆಗುವ ಬಗೆಯೂ ಇದೇ.

“ಬಣ್ಣಾ ಹಚ್ಚಿದ್ದಲ್ರಿ ಸರ, ಹುಟ್ಟಾ ಹಿಂಗಽ ಐತಿ” ಅಂದ ಪಾಲಿಶ್ ಮಾಡುವವ.

“ಚಂದ್ರನ ಮ್ಯಾಲೂ ಇಂಥಾ ಕಲ್ಲ ಸಿಕ್ಕೈತಂತ” ಅಂದೆ.

ಆತ ನೀರಿನ ಪೈಪು ಬಿಡದೆ ಒಂದು ಗಳಿಗೆ ಯೋಚಿಸಿದ. “ಸಿಗವಲ್ದ್ಯಾಕ ಬಿಡ್ರಿ. ಅಲ್ಲಿಂದ ತರೂದಂದ್ರ ಗಾಡಿ ಬಾಡಿಗಿ ಭಾಳ ಬೀಳತೈತಿ.”

ನಾನು ಹೇಳಿದ್ದು ಸುಳ್ಳಲ್ಲ. ಗ್ರಾನೈಟ್ ಆಗಬೇಕಾದರೆ ಒಮ್ಮೆ ಗಟ್ಟಿಯಾದ ಕಲ್ಲು ಮತ್ತೆ ಆಳಕ್ಕಿಳಿಯಬೇಕು, ನೀರಿನ ಅಂಶ ಸೇರಿ ಕಡಿಮೆ ಶಾಖಕ್ಕೇ ಕರಗಬೇಕು, ಅದರಲ್ಲಿನ ಹಗುರ ಭಾಗ ಬೇರೆಯಾಗಿ ಮೇಲೇಳಬೇಕು. ಭೂಮಿಯಲ್ಲಿ ನೀರಿದೆ, ನೆಲದ ಚಿಪ್ಪುಗಳು ಒಂದರಡಿ ಒಂದು ನುಗ್ಗುತ್ತವೆ, ಹಾಗಾಗಿ ಖಂಡಗಳ ತಳವೇ ಗ್ರಾನೈಟಿನ ಬಳಗದ್ದು. ಬೇರೆ ಕಡೆ ಅದು ಬಲು ಅಪರೂಪ. 2023ರಲ್ಲಿ ಚಂದ್ರನ ಹಿಂಬದಿಯ ಕಾಂಪ್ಟನ್-ಬೆಲ್ಕೋವಿಚ್ ಎಂಬಲ್ಲಿ ನೆಲದಡಿ ಸುಮಾರು 50 ಕಿ.ಮೀ. ಅಗಲದ ಗ್ರಾನೈಟ್ ಗಡ್ಡೆ ಇದೆ ಎಂದು ಪ್ರಕಟವಾದಾಗ ವಿಜ್ಞಾನಿಗಳು ಬೆರಗಾದದ್ದು ಅದಕ್ಕೇ. ಅದನ್ನು ಯಾರೂ ಅಗೆದು ನೋಡಿಲ್ಲ. ಚೀನಾದ ಚಾಂಗ್‌-ಎ ನೌಕೆಗಳು ಮೇಲಿನಿಂದ ಅಳೆದ ಮೈಕ್ರೋವೇವ್ ಮಾಹಿತಿಯಲ್ಲಿ ಆ ಜಾಗ ಸುತ್ತಲಿಗಿಂತ ಬೆಚ್ಚಗಿತ್ತು. ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಸೇರಿಕೊಂಡಿರುತ್ತವೆ, ಅವು ಒಡೆಯುತ್ತ ಕಾವು ಬಿಡುತ್ತವೆ. ಆ ಕಾವೇ ಗುಟ್ಟು ಹೇಳಿತು. ಇಳಕಲ್ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಮನೆಯ ಹೊಸ್ತಿಲಿಗೆ ಅದನ್ನು ಹಾಕಿಸಿಕೊಂಡವರು ಸೌರಮಂಡಲದ ದುಬಾರಿ ಸಾಮಾನೊಂದನ್ನು ತುಳಿದು ಒಳಗೆ ಹೋಗುತ್ತಿದ್ದಾರೆ.

ಈ ಜಿಲ್ಲೆಯ ಕಲ್ಲಿಗೆ ಆಕಾಶದ ನಂಟು ಇನ್ನೊಂದು ದಾರಿಯಲ್ಲೂ ಇದೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುಟಿ ಗುಡ್ಡದ ಮೇಲಿನ ಜಿನಾಲಯದ ಗೋಡೆಗೆ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸುದ್ದಿಗಾಗಿ ಎಲ್ಲರೂ ಅದನ್ನು ಓದುತ್ತಾರೆ. ನನಗೆ ಅದರ ತಾರೀಖು ಹೆಚ್ಚು ಪ್ರೀತಿ. ಭಾರತ ಯುದ್ಧದಿಂದ 3735 ವರ್ಷ, ಶಕರಾಜರಿಂದ 556 ವರ್ಷ ಎನ್ನುತ್ತದೆ, ಅಂದರೆ ಕ್ರಿ.ಶ. 634-35. ಈ ಮೊದಲ ಅಂಕಿಯ ಹಿಂದೆ ನಿಂತಿರುವುದು ಖಗೋಳ ಗಣಿತ. ಗ್ರಹಗಳನ್ನೆಲ್ಲ ಅವುಗಳ ಸರಾಸರಿ ವೇಗದಲ್ಲಿ ಹಿಂದಕ್ಕೆ ಓಡಿಸಿದರೆ ಎಲ್ಲವೂ ಮೇಷದ ಆರಂಭದಲ್ಲಿ ಸೇರುವ ಗಳಿಗೆ ಯಾವುದು? ಆರ್ಯಭಟನ ಪರಂಪರೆ ಕೊಟ್ಟ ಉತ್ತರ ಕ್ರಿ.ಪೂ. 3102ರ ಫೆಬ್ರವರಿ, ಕಲಿಯುಗದ ಆರಂಭ. ಶಾಸನ ಭಾರತ ಯುದ್ಧದ ವರ್ಷ ಎಣಿಸುವುದೂ ಅಲ್ಲಿಂದಲೇ. ಆರ್ಯಭಟ ತನ್ನ ಲೆಕ್ಕ ಹೂಡಿದ್ದು ಕ್ರಿ.ಶ. 499ಕ್ಕೆ. ಒಂದೂಕಾಲು ಶತಮಾನದ ಮೇಲೆ ಕೆಲವೇ ವರ್ಷಗಳಲ್ಲಿ ಆ ಗಣನೆ ಮಲಪ್ರಭೆಯ ದಂಡೆಯ ಗುಡ್ಡಕ್ಕೆ ಬಂದು ಕಲ್ಲಿನಲ್ಲಿ ಕೂತಿದೆ. ಇವತ್ತಿನ ಕಂಪ್ಯೂಟರ್ ಲೆಕ್ಕದ ಪ್ರಕಾರ ಆ ದಿನ ಗ್ರಹಗಳು ಒಂದೆಡೆ ಸೇರಿರಲಿಲ್ಲ, ಹತ್ತಾರು ಡಿಗ್ರಿ ಹರಡಿಕೊಂಡಿದ್ದವು. ಬರಿಗಣ್ಣಿನ ವೀಕ್ಷಣೆ ಹಿಡಿದು ಮೂರೂವರೆ ಸಾವಿರ ವರ್ಷ ಹಿಂದಕ್ಕೆ ಹೋದವರಿಗೆ ಇಷ್ಟು ತಪ್ಪನ್ನು ಮನ್ನಿಸಬಹುದು.

ನಾವು ಪ್ರಭವ, ವಿಭವ ಎಂದು ಎಣಿಸುವ 60 ಸಂವತ್ಸರದಲ್ಲೂ ಇಂಥದೇ ಲೆಕ್ಕ ಅಡಗಿದೆ. ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು, ಎರಡೂ ಹತ್ತಿರ ಹತ್ತಿರ 60.

ಪಟ್ಟದಕಲ್ಲಿನ ಕಥೆ ಗ್ರಹಣದ್ದು. ಗಂಗೆಯ ಉತ್ತರ ದಂಡೆಯ ಕಡೆಯಿಂದ ಬಂದ ಜ್ಞಾನಶಿವಾಚಾರ್ಯ ಎಂಬ ಶೈವ ಗುರು ನಿಲ್ಲಿಸಿದ ಕಂಬ ಅಲ್ಲಿದೆ. ಇಮ್ಮಡಿ ಕೀರ್ತಿವರ್ಮನ ಕಾಲದ ಅದರ ಶಾಸನವನ್ನು ಉತ್ತರದ ಸಿದ್ಧಮಾತೃಕೆ, ದಕ್ಷಿಣದ ಹಳಗನ್ನಡ ಎಂದು ಎರಡು ಲಿಪಿಗಳಲ್ಲಿ ಕೆತ್ತಿದ್ದಾರೆ. ಅದು ಹೇಳುವ ಪೂರ್ಣ ಸೂರ್ಯಗ್ರಹಣವನ್ನು ಶಾಸನತಜ್ಞ ಫ್ಲೀಟ್ 754ರ ಜೂನ್ 25ರದೆಂದು ಗುರುತಿಸಿದರು. ರಾಜರ ಕಾಲ ಕಟ್ಟಲು ಚರಿತ್ರೆಕಾರರಿಗೆ ಗ್ರಹಣಕ್ಕಿಂತ ಗಟ್ಟಿ ಗೂಟ ಇನ್ನೊಂದಿಲ್ಲ. ಬೆಂಗಳೂರಿನ ನೆಹರು ತಾರಾಲಯದ ನಿರ್ದೇಶಕಿಯಾಗಿದ್ದ ಬಿ.ಎಸ್. ಶೈಲಜಾ ಇಂಥ ಶಾಸನಗಳಲ್ಲಿನ ಗ್ರಹಣ, ಗ್ರಹಯೋಗಗಳನ್ನು ಕಲೆಹಾಕಿ ಸಹಲೇಖಕಿಯೊಂದಿಗೆ ಪುಸ್ತಕವನ್ನೇ ತಂದಿದ್ದಾರೆ.

ಪೂರ್ಣಗ್ರಹಣ ಆಗುವುದೇ ಒಂದು ಕಾಕತಾಳೀಯ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಇರುವುದೂ ಸುಮಾರು 400 ಪಟ್ಟು ದೂರ. ಹಾಗಾಗಿ ಬಿಲ್ಲೆಗೆ ಬಿಲ್ಲೆ ಸರಿಹೊಂದುತ್ತದೆ. ಆದರೆ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ಅಪೊಲೊ ಯಾತ್ರಿಗಳು ಅಲ್ಲಿಟ್ಟು ಬಂದ ಕನ್ನಡಿಗಳಿಗೆ ಲೇಸರ್ ಹೊಡೆದು ಅಳೆದ ಲೆಕ್ಕ ಇದು. ಪಟ್ಟದಕಲ್ಲಿನ ಆ ಗ್ರಹಣದಿಂದ ಈಚೆಗೆ 48 ಮೀಟರ್ ಹೋಗಿದ್ದಾನೆ. ಸುಮಾರು 60 ಕೋಟಿ ವರ್ಷಕ್ಕೆ ಅವನ ಬಿಲ್ಲೆ ಚಿಕ್ಕದಾಗಿ ಪೂರ್ಣಗ್ರಹಣವೇ ನಿಲ್ಲುತ್ತದೆ. ಬಾದಾಮಿಯ ಬಂಡೆ ಅಷ್ಟು ಕಾಲವನ್ನು ಈಗಾಗಲೇ ಕಳೆದಾಗಿದೆ.

ಅವನು ದೂರ ಹೋಗುವುದಕ್ಕೆ ಬೆಲೆ ತೆರುತ್ತಿರುವುದು ಭೂಮಿಯ ತಿರುಗು. ನಮ್ಮ ದಿನ ಶತಮಾನಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಭಾಗಕ್ಕಿಂತಲೂ ಕಡಿಮೆ ಉದ್ದವಾಗುತ್ತದೆ. ಏನೂ ಅಲ್ಲ ಎನಿಸುತ್ತದೆ, ಆದರೆ ದಿನದಿನದ ಬಾಕಿ ಕೂಡುತ್ತ ಹೋಗಿ 754ರಿಂದ ಇಲ್ಲಿಗೆ ಭೂಮಿಯ ಗಡಿಯಾರ ಹೆಚ್ಚುಕಡಿಮೆ ಒಂದು ಗಂಟೆ ತಪ್ಪಿದೆ. ಇಂದಿನ ವೇಗವನ್ನೇ ಹಿಡಿದು ಆ ದಿನದ ನೆರಳನ್ನು ಹುಡುಕಿದರೆ ಅದು ಸಾವಿರ ಕಿ.ಮೀ.ಗೂ ಆಚೆ ಬಿದ್ದಂತೆ ಕಾಣುತ್ತದೆ. ಈ ತಪ್ಪನ್ನು ಹಿಡಿದದ್ದೇ ಬ್ಯಾಬಿಲೋನ್, ಚೀನಾ, ಅರಬರ ಹಳೆಯ ಗ್ರಹಣ ದಾಖಲೆಗಳಿಂದ.

ಒಂದೇ ಊರಿಗೆ ಪೂರ್ಣಗ್ರಹಣ ಮತ್ತೆ ಬರಲು ಸರಾಸರಿ ಮುನ್ನೂರೆಪ್ಪತ್ತೈದು ವರ್ಷ ಬೇಕು. 1980ರ ಫೆಬ್ರವರಿ 16ರ ಮಧ್ಯಾಹ್ನ ಅಂಕೋಲೆ, ಹುಬ್ಬಳ್ಳಿ, ರಾಯಚೂರು ಕಡೆಯಿಂದ ನೆರಳು ಹಾದುಹೋಯಿತು. ಖಗೋಳ ವಿಜ್ಞಾನಿ ವೇಣು ಬಾಪು ಅವರ ನೇತೃತ್ವದ ಭಾರತೀಯ ಖಭೌತ ಸಂಸ್ಥೆ ಹುಬ್ಬಳ್ಳಿಯ ಹತ್ತಿರ ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ಕಾಯ್ದಿತ್ತು. ಮೂರು ನಿಮಿಷವೂ ತುಂಬದ ಆ ಕತ್ತಲನ್ನು ನಮ್ಮ ಬಹುತೇಕ ಮಂದಿ ಬಾಗಿಲು ಹಾಕಿಕೊಂಡು, ದರ್ಭೆ ಹುಡುಕುತ್ತ ಕಳೆದುಬಿಟ್ಟರು. ಎಂಟನೇ ಶತಮಾನದ ಒಬ್ಬ ಗುರು ಅದೇ ಗಳಿಗೆಯನ್ನು ಕಲ್ಲಿನಲ್ಲಿ ಬರೆಸಿಟ್ಟ ನಾಡಿನಲ್ಲಿ ಇದು ನಾಚಿಕೆಯ ಮಾತು.

2027ರ ಆಗಸ್ಟ್ 2, ಸೋಮವಾರ, ನಾಗರ ಅಮಾವಾಸ್ಯೆ. ಅಂದು ಈಜಿಪ್ಟಿನಲ್ಲಿ ಆರು ನಿಮಿಷ ಮೀರಿದ ಪೂರ್ಣಗ್ರಹಣ. ನಮ್ಮಲ್ಲಿ ಸಂಜೆಯ ಕಡೆಗೆ ಸೂರ್ಯನ ಒಂದು ಚೂರು ಮಾತ್ರ ಮರೆಯಾಗುತ್ತದೆ. ಮುಂಗಾರಿನ ಮೋಡ ಬಿಟ್ಟರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಬನ್ನಿ. ಗ್ರಹಣದ ಕನ್ನಡಕ ಇರಲಿ. ಇಲ್ಲದಿದ್ದರೆ ರಟ್ಟಿಗೆ ಸೂಜಿತೂತು ಮಾಡಿ, ಬಿಸಿಲನ್ನು ಅದರ ಮೂಲಕ ಅಂಗಳದ ಕಲ್ಲಿನ ಮೇಲೆ ಬೀಳಿಸಿ. ಕಚ್ಚಿದ ಸೂರ್ಯ ಕಲ್ಲಿನ ಮೇಲೆಯೇ ಕಾಣುತ್ತಾನೆ.